ದೋಷಸೂಚನೆಗಳ ವಾಕ್ಯರಚನೆ

ಗಣಕಯಂತ್ರಕ್ಕೆ ಅಕ್ಷರದ ಪಂಕ್ತಿಗಳಿಂದಲೇ ಆಜ್ಞೆಯನ್ನು ಕೊಡುವ ಪದ್ಧತಿಯೊಂದುಂಟು. ಯುನಿಕ್ಸ್ ಸಂಪ್ರದಾಯದ ಈ ತಂತ್ರಾಂಶಗಳು, ಆಜ್ಞೆಯು ನಡೆಯದೆ ಹೋದಾಗ ಆಡುವ ಮಾತನ್ನು ಗದ್ಯವೆಂದೆಣಿಸಿ ಪರೀಕ್ಷಿಸುವುದು ಅನುಚಿತವಾಗಲಾರದು.

ಈ ಗದ್ಯದಲ್ಲಿ ಅತಿ ಸಂಕ್ಷಿಪ್ತವಾದುದು ಕೆನ್ ಥಾಂಪ್ಸನ್ನರು 1969ರ ಸುಮಾರಿನಲ್ಲಿ ರಚಿಸಿದ ‘ಎಡ್’ ಎಂಬ ಸಂಪಾದಕದ್ದು. ತಪ್ಪಿಗೆ ಅದರ ಉತ್ತರವು ಪ್ರಾಯಶಃ ಒಂದು ಪ್ರಶ್ನಚಿಹ್ನೆ ಮಾತ್ರ. ಇದು ಜಿಪುಣತನವೇ ಹೊರತು ವಂಚನೆಯಲ್ಲ.

ಮಾತು ಬೆಳೆದಲ್ಲಿಯೇ ತೊಡಕು. ರೂಢಿಯಂತೆ ಮೊದಲು ತಂತ್ರಾಂಶದ ಹೆಸರು, ಬಳಿಕ ಕಡತದ ಹೆಸರು, ಕಡೆಗೆ ಕಾರಣ. ನಡುನಡುವೆ ಎರಡು ಚುಕ್ಕೆಗಳ ಚಿಹ್ನೆ. ಹೆಸರಿನ ಅನಂತರ ಬರುವ ಮಾತು ವಾಕ್ಯದ ಆರಂಭವಲ್ಲವಾದುದರಿಂದ ಅದಕ್ಕೆ ದೊಡ್ಡಕ್ಷರವು ಬೇಡ, ಕೊನೆಗೆ ಪೂರ್ಣವಿರಾಮವೂ ಬೇಡ ಎಂದು ಗ್ನೂ ನಿಯಮಾವಳಿಯು ವಿಧಿಸುವುದು. ಆದರೆ ಕಡತದ ಹೆಸರಿನೊಳಗೂ ತೆರಪು, ಎರಡು ಚುಕ್ಕೆ ಇರಬಹುದಷ್ಟೆ. ಉದ್ಧರಣಚಿಹ್ನೆಯಿಲ್ಲದಿದ್ದರೆ ಹೆಸರು ಎಲ್ಲಿ ಮುಗಿಯಿತು, ಕಾರಣ ಎಲ್ಲಿ ತೊಡಗಿತು? ಪದಚ್ಛೇದವಿಲ್ಲದ ಓಲೆಗರಿಗಳನ್ನು ಓದಿದವರಿಗೆ ಈ ಕಷ್ಟ ಹೊಸದಲ್ಲ. ಆದರೆ ಕಾವ್ಯದಲ್ಲಿ ಛಂದಸ್ಸಾದರೂ ದಾರಿ ತೋರುವುದು.

ವಿಚಿತ್ರವಾದ ನಿದರ್ಶನವೊಂದುಂಟು. ವಿಂಡೋಸ್‌ನಲ್ಲಿ ಬರೆದ ಆಜ್ಞಾಲೇಖವನ್ನು ಲಿನಕ್ಸ್‌ಗೆ ತಂದಾಗ ಪಂಕ್ತಿಗಳ ಕೊನೆಯಲ್ಲಿ ‘ಕ್ಯಾರೇಜ್ ರಿಟರ್ನ್’ ಎಂಬ ಕಾಣದ ಅಕ್ಷರವು ಉಳಿದಿರುವುದುಂಟು. ಮೊದಲ ಪಂಕ್ತಿಯು ಹೆಸರಿಸುವ ‘ಬ್ಯಾಷ್’ಗೆ ಅದು ಅಂಟಿಕೊಂಡು, ಆ ಹೆಸರಿನದು ಸಿಕ್ಕದೆ, ‘ಅಂತಹ ಕಡತವಾಗಲಿ ಕೋಶವಾಗಲಿ ಇಲ್ಲ’ ಎಂಬ ದೂರು ‘ಎನ್ವ್’ ಎಂಬ ತಂತ್ರಾಂಶದಿಂದ ಹೊರಡುವುದು. ಅದನ್ನು ತೆರೆಯ ಮೇಲೆ ಬರೆಯುವಾಗ ಆ ಅಕ್ಷರವೇ ಬರೆಹವನ್ನು ಪಂಕ್ತಿಯ ಆದಿಗೆ ಹಿಂದೆಳೆಯಲು, ಕಾರಣವು ಹೆಸರಿನ ಮೇಲೆ ಬಿದ್ದು ಹೆಸರನ್ನು ಅಳಿಸಿಬಿಡುವುದು. ಕಳ್ಳನೇ ಹೆಜ್ಜೆಗುರುತನ್ನು ಒರಸಿದಂತಾಯಿತು! ಕಣ್ಣೆದುರಿಗಿರುವ ತನ್ನ ಕಡತವೇ ಇಲ್ಲವೆಂದು ಯಂತ್ರವು ಹೇಳುತ್ತಿದೆಯೆಂದು ಭ್ರಮಿಸಿ, ವಿದ್ಯಾರ್ಥಿಯು ತನ್ನ ಬುದ್ಧಿಯನ್ನೇ ಸಂದೇಹಿಸತೊಡಗುವನು. ಈಚಿನ ‘ಎನ್ವ್’ ಹೆಸರನ್ನು ಉದ್ಧರಣಚಿಹ್ನೆಯೊಳಗಿಟ್ಟು, ಕಾಣದ ಅಕ್ಷರವನ್ನು ಕಾಣುವಂತೆ ಬರೆಯುತ್ತದೆ. ಇಷ್ಟು ಸಣ್ಣ ಚಿಹ್ನೆಯಿಂದ ಇಷ್ಟು ದೊಡ್ಡ ಉಪಕಾರ!

ಕನ್ನಡಕ್ಕೆ ತರುವಾಗ ಬೇರೊಂದು ತೊಡಕು. ಮಾತನ್ನು ತುಂಡುತುಂಡಾಗಿ ಜೋಡಿಸದೆ ಪೂರ್ಣವಾಕ್ಯವನ್ನೇ ಭಾಷಾಂತರಕ್ಕೆ ಕೊಡಬೇಕೆಂದು ‘ಗೆಟ್‌ಟೆಕ್ಸ್ಟ್’ ಸಾಧನದ ಕೈಪಿಡಿಯು ಹೇಳುವುದು. ನಮ್ಮ ಭಾಷೆಗೆ ಇದು ವಿಶೇಷವಾಗಿ ಸಲ್ಲತಕ್ಕ ಮಾತು. ಮೊದಲೇ ತಿಳಿಯದ ಹೆಸರಿಗೆ ವಿಭಕ್ತಿಪ್ರತ್ಯಯವನ್ನು ಹತ್ತಿಸುವುದೆಂತು? ‘ಅನ್ನು’ ಸೇರುವಾಗ ಯಕಾರವೋ ವಕಾರವೋ ಎಂಬುದು ಹೆಸರಿನ ಕೊನೆಯ ಸ್ವರವನ್ನು ನೋಡದೆ ನಿಶ್ಚಯವಾಗದು. ‘ಎಂಬ ಕಡತವನ್ನು ತೆರೆಯಲಾಗಲಿಲ್ಲ’ ಎಂದರೆ ಪ್ರತ್ಯಯವು ಕಡತಕ್ಕೆ ಸೇರಿ ತೊಡಕು ಬಿಡುವುದು. ಆದರೆ ಇದಕ್ಕೆ ಹೆಸರೂ ಕಾರಣವೂ ಒಂದೇ ವಾಕ್ಯದೊಳಗೆ ಭಾಷಾಂತರಕಾರನ ಕೈಗೆ ಬರಬೇಕು; ಎರಡು ಚುಕ್ಕೆಗಳಿಂದ ಕತ್ತರಿಸಿದ ತುಂಡು ಅದಕ್ಕೆ ಎಡೆಗೊಡುವುದಿಲ್ಲ.