ಪೊಟರೆ ಬಲ್ಲವರ ಕಾವಲು

ಫಿಲಿಪ್ಪೀನ್ಸ್‌ನ ಪಲಾವಾನ್ ದ್ವೀಪದಲ್ಲಿರುವ ನಾರಾ ಎಂಬ ಊರಿನ ಎದುರಿಗೆ, ಕಡಲಿನಲ್ಲಿ, ರಾಸಾ ಎಂಬ ಪುಟ್ಟ ಹವಳದ ದ್ವೀಪವಿದೆ. ಅಲ್ಲಿನ ಕಾಂಡ್ಲಾ ಕಾಡಿನಲ್ಲಿ ರಾತ್ರಿ ತಂಗಿ, ಬೆಳಗಾಗುತ್ತಲೇ ಮೇವಿಗಾಗಿ ಎದುರಿನ ನೆಲಕ್ಕೆ ಹಾರುವ ಕಾಟಾಲಾ ಎಂಬ ಬಿಳಿಹಕ್ಕಿ ಕಾಕಟೂಗಳ, ಅಂದರೆ ನೆತ್ತಿಯಲ್ಲಿ ಜುಟ್ಟುಳ್ಳ ಗಿಳಿಗಳ, ಬಳಗಕ್ಕೆ ಸೇರಿದ್ದು, ಬಾಲದ ಬುಡದಡಿಯ ಕೆಂಪು ಗರಿಗಳಿಂದ ಸುಲಭವಾಗಿ ಗುರುತು ಸಿಗುತ್ತದೆ. ಫಿಲಿಪ್ಪೀನ್ಸ್ ಬಿಟ್ಟು ಜಗತ್ತಿನ ಬೇರೆಲ್ಲಿಯೂ ಅದು ಕಾಡಿನಲ್ಲಿ ಕಾಣಸಿಗದು.

ಸ್ವತಃ ಪೊಟರೆ ಕೊರೆಯಲಾರದ ಈ ಹಕ್ಕಿ ದೊಡ್ಡ ಮರಗಳಲ್ಲಿ ತಾನಾಗಿ ಆದ ಪೊಟರೆಗಳನ್ನೇ ನೆಚ್ಚಿಕೊಂಡಿದ್ದು, ಒಮ್ಮೆ ಒಗ್ಗಿದ ಪೊಟರೆಗೆ ವರ್ಷವರ್ಷವೂ ಮರಳುತ್ತದೆ. ಅದರ ಈ ನಿಷ್ಠೆಯೇ ಕಳ್ಳನಿಗೆ ಅನುಕೂಲ. ಯಾವ ಮರದಲ್ಲಿ ಮರಿಗಳಿವೆ, ಅವಕ್ಕೆ ಗರಿ ಮೂಡುವುದು ಯಾವಾಗ ಎಂಬುದನ್ನು ಬಲ್ಲವನು ಪ್ರತಿ ಋತುವಿನಲ್ಲೂ ಅದೇ ಮರವೇರಿ ಮರಿಗಳನ್ನು ಇಳಿಸಿಕೊಂಡು ಹೋಗಬಹುದು. ಹಕ್ಕಿ ಇಡುವುದು ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ ಮಾತ್ರವಾದ್ದರಿಂದ, ಮುದಿ ಹಕ್ಕಿಗಳು ಹಾರಾಡುತ್ತಿದ್ದರೂ ಎಳೆಯ ಪೀಳಿಗೆಯೇ ಇಲ್ಲದ ಸ್ಥಿತಿ ಉಂಟಾಗುತ್ತದೆ. ಮಾತು ಕಲಿಯುವ ಹಕ್ಕಿಗೆ ಮನಸೋತು ತಮ್ಮನ್ನು ಪಕ್ಷಿಪ್ರಿಯರೆಂದು ಕರೆದುಕೊಳ್ಳುವವರೇ ಈ ಕಳ್ಳತನಕ್ಕೆ ಬೆಲೆ ಕಟ್ಟಿದವರು ಎಂಬುದನ್ನು ಮರೆಯುವಂತಿಲ್ಲ. ಕಾಟಾಲಾದ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 1992ರಲ್ಲಿಯೇ ನಿಷೇಧಿಸಿತಾದರೂ, ರಾತ್ರಿ ಮರವೇರುವವನನ್ನು ತಡೆಯಲು ಕಾಗದದ ಮೇಲಿನ ನಿಷೇಧ ಸಾಲದು.

1998ರಲ್ಲಿ ರಾಸಾದಲ್ಲಿ ಉಳಿದಿದ್ದವು ಇಪ್ಪತ್ತೈದರ ಆಸುಪಾಸಿನಷ್ಟು ಹಕ್ಕಿಗಳು. ಆಗ ಆರಂಭವಾದ, ಇಂದು ಕಾಟಾಲಾ ಫೌಂಡೇಶನ್ ನಡೆಸುತ್ತಿರುವ ಯೋಜನೆಯು ಹೊರಗಿನ ಪಹರೆಯವರನ್ನು ತರದೆ, ಮರಿ ಕದಿಯುತ್ತಿದ್ದವರನ್ನೇ ಸಂಬಳ ಕೊಟ್ಟು ಕಾವಲುಗಾರರನ್ನಾಗಿ ನೇಮಿಸಿತು. ಇದನ್ನು ಕೇವಲ ಉದಾರತೆಯೆಂದು ಹೊಗಳುವುದು ಯೋಜನೆಯ ಜಾಣ್ಮೆಯನ್ನು ಕಡೆಗಣಿಸಿದಂತೆ: ಪ್ರತಿಯೊಂದು ಪೊಟರೆಯ ವಿಳಾಸ, ಹತ್ತುವ ದಾರಿ, ಮರಿಯ ವಯಸ್ಸು ಇವೆಲ್ಲ ತಿಳಿದಿದ್ದುದು ಅವರಿಗೆ ಮಾತ್ರ, ಮತ್ತು ಕಳ್ಳತನಕ್ಕೆ ಬಳಸಿದ ಆ ವಿದ್ಯೆಯೇ ಗೂಡಿನ ತಪಾಸಣೆಗೂ ಎಣಿಕೆಗೂ ಬೇಕಾಗಿತ್ತು. ಮುಂದೆ ದ್ವೀಪವು ವನ್ಯಜೀವಿಧಾಮವಾಯಿತು, ಹಕ್ಕಿಗಳ ಸಂಖ್ಯೆಯೂ ಇನ್ನೂರನ್ನು ದಾಟಿತು.

ಆದರೆ ಕಾವಲು ಕಳ್ಳನನ್ನು ತಡೆಯಬಲ್ಲದೇ ಹೊರತು ಹಸಿವನ್ನಲ್ಲ. 2005ರ ಬರಗಾಲದಲ್ಲಿ ಮೇವು ಸಾಲದೆ ರಾಸಾದ ಬಹಳಷ್ಟು ಮರಿಗಳು ಪೊಟರೆಯಲ್ಲಿಯೇ ಸತ್ತವು. ಕನ್ನಡಿಗರ ಹಿತ್ತಲಿನಲ್ಲೂ ಬೆಳೆಯುವ ನುಗ್ಗೆ ಈ ಹಕ್ಕಿಯ ಮುಖ್ಯ ಆಹಾರಗಳಲ್ಲೊಂದು. ಎದುರಿನ ನೆಲದ ರೈತನು ತನ್ನ ನುಗ್ಗೆಮರಕ್ಕೆ ಬಂದ ಹಕ್ಕಿಯನ್ನು ಓಡಿಸುತ್ತಾನೋ ಬಿಡುತ್ತಾನೋ ಎಂಬುದು, ಮರಿಗಳ್ಳರ ಕಾಟ ಇಳಿದ ಮೇಲೆ, ಸಂರಕ್ಷಣೆಯ ಮುಂದಿನ ಪ್ರಶ್ನೆಯಾಗಿದೆ.