ಕೆಂಪು ನೆಲದ ಹೊಳಪು

ಹಳೆ ಮನೆ ದುರಸ್ತಿಗೆ ಕೈಹಾಕಿದವರು ಎಷ್ಟೋ ಸಲ ಮೊದಲು ಒಡೆಸುವುದು ರೆಡ್ ಆಕ್ಸೈಡ್ ನೆಲವನ್ನೇ. ಅದರ ಹಿಂದಿನ ಕೈಚಳಕ ಬಲ್ಲವರಿಗೆ ಅಷ್ಟು ಸುಲಭವಾಗಿ ಮನಸ್ಸು ಬಾರದು. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಹಸಿ ಗಾರೆಯ ಮೇಲೆ ತೆಳುವಾಗಿ ಹರಡಿ, ಅದು ಬಿಗಿಯುವ ಹೊತ್ತು ನೋಡಿಕೊಂಡು ಮೇಸ್ತ್ರಿ ಕರಣೆಯಿಂದ ತಿಕ್ಕುತ್ತಾರೆ. ಬೇಗ ತಿಕ್ಕಿದರೆ ಮೇಲ್ಪದರ ಕಿತ್ತು ಬರುತ್ತದೆ. ತಡವಾದರೆ ಹೊಳಪು ಏಳದು. ಒಂದು ಕೋಣೆಯನ್ನು ಒಂದೇ ಬಾರಿಗೆ ಮುಗಿಸಬೇಕು, ಇಲ್ಲದಿದ್ದರೆ ಕೂಡಿಸಿದ ಗೆರೆ ಎದ್ದು ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರುಣಿಸಬೇಕು. ಟೈಲ್ಸಿನ ಅಂದ ಹಾಕಿದ ದಿನಕ್ಕೇ ಪೂರ್ತಿ. ಈ ನೆಲವೋ ಓಡಾಡಿದಷ್ಟೂ, ಒರೆಸಿದಷ್ಟೂ ಮಿರುಗುತ್ತದೆ. ದುರಸ್ತಿಯಲ್ಲಿ ಅಡುಗೆಮನೆ, ಬಚ್ಚಲು ಹೊಸದಾಗಲಿ. ಆದರೆ ಗಟ್ಟಿಯಿರುವ ಕೆಂಪು ನೆಲವನ್ನು ಉಳಿಸಿಕೊಳ್ಳಿ. ಈ ಹದ ಬಲ್ಲ ಮೇಸ್ತ್ರಿ ಸಿಕ್ಕರೆ ಹೊಸ ಪಡಸಾಲೆಯನ್ನೂ ಧೈರ್ಯವಾಗಿ ಅವರ ಕೈಗೆ ಒಪ್ಪಿಸಿ.