ನಡಿಗೆ ನೋಡಿ, ಆಮೇಲೆ ಹೆಸರು ಕೇಳಿ

ತರೀಕೆರೆ ಕಡೆ ಜೂನ್ ಮಳೆ ಹಿಡಿದ ಮೇಲೆ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಿ, ಬಿದ್ದು ಕೊಳೆಯುತ್ತಿರುವ ಹಾಳೆಯೊಂದನ್ನು ಮೆಲ್ಲಗೆ ಮಗುಚಿ. ಅಡಿಯಲ್ಲಿ ಉದ್ದಕ್ಕೆ, ಮೆತ್ತಗೆ, ಕಾಲಿಲ್ಲದ್ದು ಏನಾದರೂ ಸಿಕ್ಕೀತು. ಎರೆಹುಳು ಅಂದುಕೊಂಡು ಮುಂದೆ ಹೋಗಬೇಡಿ, ಹಾವಿನ ಮರಿ ಅಂತ ಕತ್ತಿ ಎತ್ತಲೂಬೇಡಿ. ಬಣ್ಣ ನಂಬುವಂಥದ್ದಲ್ಲ, ಕೆಮ್ಮಣ್ಣು ಮೆತ್ತಿದರೆ ಎಲ್ಲವೂ ಒಂದೇ. ನಡಿಗೆ ನೋಡಿ.

ಎರೆಹುಳುವಿನ ಮುಂಭಾಗ ಸಪೂರವಾಗಿ ಚಾಚುತ್ತದೆ, ಆಮೇಲೆ ದಪ್ಪಗಾಗಿ ನೆಲ ಕಚ್ಚಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ಕಚ್ಚುವುದು ಮೈಮೇಲಿನ ಬಿರುಗೂದಲುಗಳಿಂದ. ಕಣ್ಣಿಗೆ ಅವು ಕಾಣುವುದು ಕಷ್ಟ. ದೊಡ್ಡ ಹುಳುವೊಂದನ್ನು ಒಣ ಕಾಗದದ ಮೇಲೆ ಬಿಟ್ಟು ಕಿವಿಗೊಡಿ, ಪರಪರ ಕೇಳುತ್ತದೆ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಲ್ಲಿನ ಸಂದಿಯಿಂದ ಇಣುಕಿ ಯಜಮಾನರನ್ನು ಬೆಚ್ಚಿಬೀಳಿಸುವ ಬಿರುಗೂದಲ ಹುಳು ಇದರ ಕಡಲ ನೆಂಟ. ಅದರ ಎರಡೂ ಪಕ್ಕೆಯಲ್ಲಿ ಕೂದಲಿನ ಗೊಂಚಲು, ಮುಟ್ಟಿದರೆ ಚುಚ್ಚುತ್ತದೆ.

ಇಂಬಳವೂ ಅದೇ ಕುಲ. ಎರಡು ತುದಿಗೂ ಹೀರುಬಟ್ಟಲು, ಗೇಣು ಹಾಕುತ್ತಾ ಬರುತ್ತದೆ. ಕೆಮ್ಮಣ್ಣುಗುಂಡಿ ಹಾದಿಯಲ್ಲಿ ಎಲೆಯ ಮೇಲೆ ಹಿಂಬದಿ ಊರಿ, ಮುಂಬದಿ ತೂಗಾಡಿಸುತ್ತಾ ನಿಮ್ಮ ಉಸಿರಿನ ಜಾಡು ಹಿಡಿಯುವುದನ್ನು ನೋಡಬೇಕು. (ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡ ಮೇಲೆ ರಸಿಕತೆ ಸುಲಭ.)

ನನ್ನ ಮೆಚ್ಚಿನದು ಬೈಪಾಲಿಯಂ ಎಂಬ ಚಪ್ಪಟೆಹುಳು. ಅದು ನಡೆಯುವುದೇ ಇಲ್ಲ, ಜಾರುತ್ತದೆ. ಹಿಂದೆ ಲೋಳೆಯ ಗೆರೆ ಉಳಿಯುತ್ತದೆ. ತಲೆ ಸಲಿಕೆಯಂತೆ ಅಗಲ, ಆದರೆ ಬಾಯಿ ಅಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಉಣ್ಣುವುದೂ ವಿಸರ್ಜಿಸುವುದೂ ಆ ಒಂದೇ ತೂತಿನಿಂದ. ಊಟ ಎರೆಹುಳು. ತುಂಡರಿಸಿದರೆ ತುಂಡುಗಳೇ ಹೊಸ ಹುಳುಗಳಾಗುತ್ತವೆ, ಹಾಗಾಗಿ ಕತ್ತರಿಸಿ ಕೊಂದೆ ಎಂದುಕೊಂಡವರು ಬಿತ್ತನೆ ಮಾಡಿರುತ್ತಾರೆ. ಕೆಲವು ಜಾತಿಗಳಲ್ಲಿ ವಿಷವಿದೆ, ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನು ಹುಳುವೇ ಅಲ್ಲದವು. ಮುಟ್ಟಿದ್ದೇ ತಡ ಬಳುಕುತ್ತಾ ಮಣ್ಣಿಗೆ ನುಗ್ಗಿದರೆ ಅದು ಕುರುಡುಹಾವು. ಮೈ ನುಣುಪು, ಉಂಗುರವಿಲ್ಲ. ಲೆನ್ಸ್ ಹಿಡಿದರೆ ಹುರುಪೆ ಕಾಣುತ್ತದೆ. ಇದರ ಸಾಮಾನ್ಯ ಜಾತಿಯಲ್ಲಿ ಗಂಡೇ ಇಲ್ಲ, ಹೆಣ್ಣುಗಳೇ ಮೊಟ್ಟೆಯಿಟ್ಟು ಹೆಣ್ಣುಗಳನ್ನೇ ಹುಟ್ಟಿಸುತ್ತಾ ಹೂಕುಂಡದ ಮಣ್ಣಿನ ಜೊತೆ ಲೋಕವೆಲ್ಲ ಸುತ್ತಿವೆ.

ಉಂಗುರವೂ ಇದೆ, ಲೋಳೆಯೂ ಇದೆ, ಆದರೆ ಬಾಯಲ್ಲಿ ದವಡೆ, ಹಲ್ಲು ಇವೆ ಅಂದರೆ ಪಶ್ಚಿಮಘಟ್ಟದ ಸಿಸಿಲಿಯನ್, ಕಪ್ಪೆಯ ಬಂಧು. ಕಣ್ಣಿಗೂ ಮೂಗಿಗೂ ನಡುವೆ ಚಿಕ್ಕ ಮೀಸೆಯಿದೆಯೇ ನೋಡಿ. ಇವುಗಳಲ್ಲಿ ಇಕ್ತಿಯೋಫಿಸ್ ಎಂಬ ಜಾತಿಯ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ. ಬಸಿಗಾಲುವೆ ತೋಡುವಾಗ ಹಾಗೆ ಕಂಡರೆ ಮಣ್ಣು ಮೊದಲಿನಂತೆ ಮುಚ್ಚಿ, ಒಂದು ಮಾರು ಆಚೆಯಿಂದ ತೋಡಿಸಿ.